ಸುಂಕದ ಮೇಲೂ ತೆರಿಗೆ
ಡೀಸೆಲ್ ದರ ಏರಿದರೂ ಕರ್ನಾಟಕ ರಾಜ್ಯಕ್ಕೆ ಬರುವ ತೆರಿಗೆ ಅಷ್ಟೇ ಎಂದು ಲೇಖನವೊಂದರಲ್ಲಿ ಓದಿದೆ. ಅದು ತಪ್ಪು. ಲೀಟರಿಗೆ ಇಂತಿಷ್ಟು ರೂಪಾಯಿ ಎಂದಿರುವುದು ಕೇಂದ್ರದ ಅಬಕಾರಿ ಸುಂಕ ಮಾತ್ರ. ರಾಜ್ಯದ ಮಾರಾಟ ತೆರಿಗೆ ಶೇಕಡಾವಾರು. 2025ರ ಏಪ್ರಿಲ್ 1ರಂದು ಅದು ಶೇ 18.44ರಿಂದ ಶೇ 21.17ಕ್ಕೆ ಏರಿತು. ಅದನ್ನೂ ಹಾಕುವುದು ಮೂಲ ಬೆಲೆಗೆ ಸುಂಕ ಸೇರಿಸಿದ ಮೊತ್ತದ ಮೇಲೆ! ಆ ದರದಲ್ಲಿ ಸುಂಕ 1 ರೂ. ಹೆಚ್ಚಿದರೆ ಬಂಕಿನಲ್ಲಿ ನಾವು ಕೊಡುವುದು 1.21 ರೂ.

ಡೀಸೆಲ್ ಜಿಎಸ್‌ಟಿಯಲ್ಲಿಲ್ಲ, ಆದ್ದರಿಂದ ಬಿಲ್ಲಿಟ್ಟರೂ ತೆರಿಗೆ ವಾಪಸ್ ಸಿಗದು. ಕಾಫಿ ಮೂಟೆ ಹೊರುವ ಪಿಕಪ್‌ನವರು ಇದನ್ನು ಬಾಡಿಗೆಗೇ ಸೇರಿಸಬೇಕು. ಮಡಿಕೇರಿಯಿಂದ ಮಂಗಳೂರಿಗೆ ಹೋಗಿಬರಲು ಸುಮಾರು 270 ಕಿ.ಮೀ.; ಸಂಪಾಜೆ ಘಾಟಿಯಲ್ಲಿ ಲೋಡಿದ್ದರೆ ಲೀಟರಿಗೆ 10 ಕಿ.ಮೀ. ಎಂದೇ ಹಿಡಿಯಿರಿ. ಡೀಸೆಲ್ ಲೀಟರಿಗೆ 2 ರೂ. ಏರಿದರೆ ಟ್ರಿಪ್ಪಿಗೆ 54 ರೂ. ಹೆಚ್ಚು. ಹಳೇ ಬಾಡಿಗೆಗೆ ದಯವಿಟ್ಟು ಒಪ್ಪಬೇಡಿ.