ಒಂದು ಡಬ್ಬಿಗಾಗಿ ಹೈದರಾಬಾದಿಗೆ

ಅವ್ವನ ಲಿವರಿನ ಒಂದು ಪರೀಕ್ಷೆ ಮುಗಿಸಿ ಈಗಷ್ಟೇ ಹೈದರಾಬಾದಿನಿಂದ ರಾಯಚೂರಿಗೆ ಬಂದು ಚಪ್ಪಲಿ ಬಿಟ್ಟಿದ್ದೇನೆ. ಅವ್ವ ಆಗಲೇ ರೊಟ್ಟಿ ಬಡಿಯಲು ಕೂತಳು. ನನ್ನ ಸಿಟ್ಟು ಮಾತ್ರ ಕೃಷ್ಣಾ ಸೇತುವೆ ದಾಟಿದರೂ ಇಳಿದಿಲ್ಲ.

ಅವ್ವನ ಶುಗರ್, ಮೈಭಾರ ನಿಮಗೆಲ್ಲ ಗೊತ್ತೇ ಇದೆ. ಹೋದ ವರ್ಷ ಅಲ್ಟ್ರಾಸೌಂಡಿನಲ್ಲಿ ಫ್ಯಾಟಿ ಲಿವರ್ ಅಂತ ಬಂತು. (‘ಏನ್ರೀ, ಅವ್ವಾರು ಕದ್ದು ಕುಡೀತಿದ್ರೇನು?’ ಅಂದ ಒಬ್ಬ ನೆಂಟ. ಹೆಸರು ಹೇಳಲ್ಲ, ಇದಕ್ಕೂ ಲೈಕ್ ಒತ್ತುತ್ತಾನೆ.) ಕೊಬ್ಬು ಇರುವುದು ಒಂದು, ಲಿವರ್ ಒಳಗೊಳಗೇ ಕಲೆಗಟ್ಟಿ ಗಡುಸಾಗುವುದು ಇನ್ನೊಂದು. ಎರಡನೆಯದೇ ಅಪಾಯದ್ದು. ಆ ಕಲೆ ಇದೆಯೋ ಇಲ್ಲವೋ ಅಂದಾಜಿಸಲು ವಯಸ್ಸು, ರಕ್ತದ ವರದಿ ಸೇರಿಸಿ ಫಿಬ್-4 ಅನ್ನುವ ಲೆಕ್ಕ ಹಾಕಿದರು. 1.3ಕ್ಕೂ 2.67ಕ್ಕೂ ನಡುವೆ ಬಂತು. ಅಂದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಪಕ್ಕೆಯ ಮೇಲಿಂದಲೇ ಲಿವರಿನ ಗಡುಸು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದರೆ ಮೈಯ ಕೊಬ್ಬಿನಿಂದ ರೀಡಿಂಗೇ ಸರಿಯಾಗಿ ಸಿಗಲಿಲ್ಲ. ಉಳಿದದ್ದು ಸೂಜಿ ಚುಚ್ಚಿ ಲಿವರಿನ ಚೂರು ತೆಗೆದು ನೋಡುವ ಬಯಾಪ್ಸಿ, ಇಲ್ಲವೇ ಎಂಆರ್‌ಐ ಯಂತ್ರದಲ್ಲೇ ಗಡುಸು ಅಳೆಯುವ ಎಂಆರ್ ಎಲಾಸ್ಟೋಗ್ರಫಿ.

ಅದೇನು ಮಹಾ ಅಂತೀರಾ? ಬಲಪಕ್ಕೆಯ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಬಿಗಿಯುತ್ತಾರೆ. ಅದಕ್ಕೊಂದು ಪೈಪು. ಡಬ್ಬಿ ಸೆಕೆಂಡಿಗೆ 60 ಸಲ ಅದುರುತ್ತದೆ. ಆ ಅದುರು ಲಿವರಿನಲ್ಲಿ ಅಲೆಯಾಗಿ ಹರಿಯುತ್ತದೆ. ಗಡುಸಾದ ಲಿವರಿನಲ್ಲಿ ಅಲೆ ಬೇಗ ಓಡುತ್ತದೆ, ಮೆತ್ತನೆಯದರಲ್ಲಿ ನಿಧಾನ. ಎಂಆರ್‌ಐ ಅದನ್ನು ಹಿಡಿದು ಲಿವರ್ ಎಷ್ಟು ಗಡುಸು ಅಂತ ಕಿಲೋಪಾಸ್ಕಲ್ ಲೆಕ್ಕದಲ್ಲಿ ಹೇಳುತ್ತದೆ. ನಾಲ್ಕಾರು ಸಲ ಉಸಿರು ಹಿಡಿದರೆ ಮುಗಿಯಿತು. ಸೂಜಿ ಇಲ್ಲ, ರಕ್ತ ಇಲ್ಲ. ‘ಹಿಟ್ಟಿನ ಗಿರಣಿಗೆ ಒರಗಿ ಕುಂತಂಗಾತು’ ಅಂದಳು ಅವ್ವ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಈ ಉಪಾಯ ಪ್ರಕಟಿಸಿದ್ದು 1995ರಲ್ಲಿ. ನಿನ್ನೆ ಮೊನ್ನೆಯದಲ್ಲ!

ನಮ್ಮೂರಲ್ಲಿ ಎಂಆರ್‌ಐ ಇದೆ. ನಾನು ಕೇಳಿದ ಕಡೆ ಆ ಡಬ್ಬಿ, ಅದರ ಸಾಫ್ಟ್‌ವೇರ್ ಇಲ್ಲ. ಬಂಡಿ ಇದೆ, ಎತ್ತಿದೆ, ಕಡೆಗೀಲಿಲ್ಲ. ಏಮ್ಸ್ ಬೇಕು ಅಂತ 2022ರಲ್ಲಿ ಧರಣಿ ಕೂತ ಊರು ನಮ್ಮದು. ನಾನು ಏಮ್ಸ್ ಕೇಳುತ್ತಿಲ್ಲ ಯಪ್ಪಾ, ಡಬ್ಬಿ ಕೇಳುತ್ತಿದ್ದೇನೆ.

‘ಬಯಾಪ್ಸಿ ಇದೆಯಲ್ಲ, ಅದೇ ಪಕ್ಕಾ’ ಅಂತ ಬುದ್ಧಿ ಹೇಳುವವರು ಬರುತ್ತಾರೆ. ಬರಲಿ. ಅದರಲ್ಲಿ ಸಿಗುವುದು ಲಿವರಿನ ಸುಮಾರು 50,000ದಲ್ಲಿ ಒಂದು ಪಾಲು. ಒಂದು ಕಾಳು ಹಿಸುಕಿ ಇಡೀ ಚೀಲದ ತೊಗರಿಗೆ ಬೆಲೆ ಕಟ್ಟಿದ ಹಾಗೆ. ಲಿವರಿನಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಎಂಆರ್ ಕೂಡ ಕೈಕೊಡಬಹುದು, ನಿಜ. ಆದರೆ ಅವ್ವನಿಗೆ ಆ ತಕರಾರು ಇರಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಬಯಾಪ್ಸಿ ಮಾಡಿಸಿ ಅಂತ ಡಾಕ್ಟರು ಎಂಟು ತಿಂಗಳ ಹಿಂದೆಯೇ ಹೇಳಿದ್ದರು. ‘ಏನೂ ಬೇಡ ಅಂದ್ರು’ ಅಂತ ಅವ್ವನಿಗೆ ಸುಳ್ಳು ಹೇಳಿದವನು ನಾನೇ. ಸೂಜಿಗೆ ಹೆದರಿದ್ದು ಅವಳಲ್ಲ.

ರಿಪೋರ್ಟಿನಲ್ಲಿ 3.2 ಕಿಲೋಪಾಸ್ಕಲ್ ಬಂದಿದೆ. 2.5ರ ಒಳಗಿದ್ದರೆ ನಾರ್ಮಲ್. ಕಲೆ ಶುರುವಾಗಿದೆ, ಇನ್ನೂ ತಡೆಯಬಹುದು ಅಂದರು. ವರ್ಷ ಬಿಟ್ಟು ಮತ್ತೆ ನೋಡಬೇಕಂತೆ.

‘ಮತ್ತ ಅಲ್ಲೇ ಹೋಗೂದೇನು?’ ಅಂತ ಅಡುಗೆಮನೆಯಿಂದ ಕೇಳುತ್ತಿದ್ದಾಳೆ. ಯಾರಾದರೂ ಅವಳಿಗೆ ಉತ್ತರ ಹೇಳಿ.