ಸೋಗೆ, ಹಂಚು ಮತ್ತು ‘ಅಸಲಿ ಮಲೆನಾಡು’

ಮುರ್ಡೇಶ್ವರದ 123 ಅಡಿ ಎತ್ತರದ ಶಿವನನ್ನು ನೋಡಿ ‘ಎಲ್ಲ ಸಿಮೆಂಟು’ ಎಂದು ಮೂಗು ಮುರಿಯುವ ಸ್ನೇಹಿತರೇ ಶಿರಸಿ ಕಡೆಯ ಹೋಮ್‌ಸ್ಟೇ ಜಗಲಿಯಲ್ಲಿ ಕುಳಿತು ‘ಇದು ಅಸಲಿ ಮಲೆನಾಡು’ ಎಂದು ಫೋಟೊ ಹಾಕುತ್ತಾರೆ. ಇವೆರಡರಲ್ಲಿ ನನಗೆ ಪ್ರಾಮಾಣಿಕವಾಗಿ ಕಾಣುವುದು ಸಿಮೆಂಟಿನ ಶಿವನೇ. ತಾನು ಪುರಾತನ ಎಂದು ಆ ಮೂರ್ತಿ ನಟಿಸುವುದಿಲ್ಲ. ದೊಡ್ಡದಾಗಿ ಕಾಣಲೆಂದೇ ಕಟ್ಟಿದ್ದು, ದೊಡ್ಡದಾಗಿಯೇ ಕಾಣುತ್ತದೆ. ಬಂದವರು ಕೈಯನ್ನೂ ಮುಗಿಯುತ್ತಾರೆ, ಸೆಲ್ಫಿಯನ್ನೂ ತೆಗೆದುಕೊಳ್ಳುತ್ತಾರೆ.

ಜಗಲಿಯ ಫೋಟೊದಲ್ಲಿ ಮಲೆನಾಡಿಗೆ ಸಾಕ್ಷಿ ಹೇಳುವುದು ಯಾವುದು? ಕೆಂಪು ಹಂಚಿನ ಮಾಡು, ಮರದ ಕಂಬ, ಗೋಡೆಗೆ ತೂಗುಹಾಕಿದ ಹಾಳೆಟೊಪ್ಪಿ, ಬಾಳೆಲೆಯ ಮೇಲೆ ತಂಬುಳಿ. ಹಂಚನ್ನೇ ನೋಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಮಾಲು ಅದು. ಅದಕ್ಕೂ ಮೊದಲು, ಎಷ್ಟೋ ಊರುಗಳಲ್ಲಿ ಆಮೇಲೆಯೂ ಬಹುಕಾಲ, ನಮ್ಮ ಮನೆಗಳ ಮೇಲಿದ್ದದ್ದು ಅಡಿಕೆ ಮರದ ಒಣಗರಿ, ಅಂದರೆ ಸೋಗೆ. ಮಳೆಗಾಲಕ್ಕೆ ಮುನ್ನ ಹೊಸದಾಗಿ ಹೊದೆಸಬೇಕು, ಬೇಸಿಗೆಯಲ್ಲಿ ಬೆಂಕಿಗೆ ಹೆದರಬೇಕು. ಹಂಚು ಹಾಕಿಸಿದವರೆಂದರೆ ಆಗ ಅನುಕೂಲಸ್ಥರು, ಹೊಸ ಕಾಲದವರು. ಇಂದು ಅದೇ ಹಂಚು ಹಳೆಯ ಕಾಲದ ಗುರುತಾಗಿ ಕುಳಿತಿದೆ. ಆರ್‌ಸಿಸಿ ಮನೆ ಕಟ್ಟಿಸಿಕೊಂಡ ಪಕ್ಕದ ತೋಟದವರು ಫೋಟೊ ಕೆಡಿಸಿದ ಅಪರಾಧಿಗಳು!

ಅಮೆರಿಕದ ಸಮಾಜಶಾಸ್ತ್ರಜ್ಞ ಡೀನ್ ಮ್ಯಾಕ್‌ಕ್ಯಾನೆಲ್ 1973ರಲ್ಲಿಯೇ ಇಂಥದ್ದರ ಬಗ್ಗೆ ಬರೆದಿದ್ದರು. ಪ್ರವಾಸಿಗೆ ಹೊರಗಿನ ಉಪಚಾರ ಸಾಲದು, ಒಳಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು. ಆಗ ಒಳಮನೆಯೂ ಪ್ರದರ್ಶನಕ್ಕೆಂದು ಸಜ್ಜಾಗುತ್ತದೆ ಎಂಬುದು ಅವರ ವಾದ. ನಮ್ಮಲ್ಲಿ ಮಣ್ಣಿನ ಒಲೆ ಅತಿಥಿಗಳ ಎದುರು ಹೊಗೆಯಾಡುತ್ತದೆ, ತೊಡೆದೇವು ಎಂಬ ತೆಳು ಸಿಹಿತಿಂಡಿ ಮಾಡುವ ಮಡಕೆ ಬೋರಲಾಗಿ ಕಾದು ಕೂತಿರುತ್ತದೆ. ಊಟದ ಅನ್ನ ಮಾತ್ರ ಹಿತ್ತಿಲ ಕಡೆಯ ಶೆಡ್ಡಿನಲ್ಲಿ ಗ್ಯಾಸಿನ ಮೇಲೆ ಬೇಯುತ್ತಿರುತ್ತದೆ. ಇದನ್ನು ಮೋಸ ಎನ್ನಲಾರೆ. ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡೇ ಅಡುಗೆ ಮಾಡಿದ ನಮ್ಮ ಅತ್ತಿಗೆಯಂದಿರು ಗ್ಯಾಸ್ ಒಲೆ ಬಂದಾಗ ಎಷ್ಟು ಹಿಗ್ಗಿದ್ದರೆಂದು ನನಗೆ ಗೊತ್ತು. ಫೋಟೊಕ್ಕೆ ಒಗ್ಗದ ಬದುಕೆಲ್ಲ ನಕಲಿ ಎಂಬ ತೀರ್ಪಿನ ಮೇಲೆ ನನ್ನ ತಕರಾರು.

ಅಸಲಿಯೆಂದು ಗುರುತಾಗಲು ಅಸಲಿಗೂ ಒಂದು ಹಣೆಪಟ್ಟಿ ಬೇಕು, ಪಟ್ಟಿ ಅಂಟಿದ ಕೂಡಲೇ ಅದರ ಅಸಲಿತನ ಅನುಮಾನಕ್ಕೆ ಬೀಳುತ್ತದೆ ಎಂಬ ಇಕ್ಕಟ್ಟನ್ನು ಅಮೆರಿಕದ ಸಾಹಿತ್ಯ ವಿಮರ್ಶಕ ಜೊನಾಥನ್ ಕಲರ್ 1981ರಲ್ಲಿ ತೋರಿಸಿದರು. ಈಗ ಆ ಪಟ್ಟಿಯನ್ನು ರೀಲ್ಸ್ ಅಂಟಿಸುತ್ತದೆ. ಗೋಕರ್ಣದ ಓಂ ಬೀಚಿನ ಆಕಾರ ಮರಳಿನ ಮೇಲೆ ನಿಂತವರಿಗೆ ಕಾಣುವಂಥದ್ದಲ್ಲ, ಎತ್ತರದಿಂದ ನೋಡಬೇಕು. ಡ್ರೋನ್ ಚಿತ್ರ ನೋಡಿ ಬಂದವರು ಕೆಳಗಿಳಿದು ‘ಓಂ ಎಲ್ಲಿ?’ ಎಂದು ಕೇಳಿದರೆ ತಪ್ಪೇನು ಹೇಳಿ!

ಹಂಚು, ಮರಳಿನ ಮಟ್ಟಿಗೆ ಇದೆಲ್ಲ ತಮಾಷೆಯೇ. ಮನುಷ್ಯರ ವಿಷಯಕ್ಕೆ ಬಂದರೆ ನಗು ಬರುವುದಿಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ, ಗಿಡ ಬೆಳೆಸಿ ಹೆಸರಾದ ತುಳಸಿ ಗೌಡ 2021ರ ನವೆಂಬರ್‌ನಲ್ಲಿ ಬರಿಗಾಲಲ್ಲಿ ಪದ್ಮಶ್ರೀ ಸ್ವೀಕರಿಸಿದ ಚಿತ್ರ ದೇಶವೆಲ್ಲ ಹರಿದಾಡಿತು. ಬರಿಗಾಲು, ಮಣಿಸರ, ಹಾಲಕ್ಕಿ ಸಮುದಾಯದ ಉಡುಗೆ: ನೋಡಿದವರಿಗೆ ಅಷ್ಟೇ ಸಾಕಾಯಿತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬಹುಕಾಲ ದಿನಗೂಲಿಗೆ ದುಡಿದದ್ದು, ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂಬ ಅವರ ತಿಳಿವಳಿಕೆ, ಇವು ಒಂದು ಚಿತ್ರದಲ್ಲಿ ಹಿಡಿಸುವಂಥವಲ್ಲ. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗಲೂ ಮತ್ತೆ ಹರಿದಾಡಿದ್ದು ಅದೇ ಬರಿಗಾಲು.

ಸಂತೆಯಲ್ಲಿ ಸೊಪ್ಪು ಮಾರುವ ಹಾಲಕ್ಕಿ ಅಜ್ಜಿಯರ ಎದುರು ಒಂದು ಮಾತೂ ಕೇಳದೆ ಮೊಬೈಲ್ ಎತ್ತುವವರನ್ನು ಈಗ ನೋಡುತ್ತಿರುತ್ತೇನೆ. ಪಕ್ಕದಲ್ಲಿ ಚೂಡಿದಾರ ತೊಟ್ಟು ಕುಳಿತ ಮೊಮ್ಮಗಳಿಗೆ ‘ಸ್ವಲ್ಪ ಆಚೆ ಸರಿಯಮ್ಮ’ ಎನ್ನುತ್ತಾರೆ. ಅವಳೂ ಹಾಲಕ್ಕಿಯವಳೇ. ಬಸಳೆಯ ಬೆಲೆ ಹೇಳುವವಳೂ ಅವಳೇ, ಆದರೆ ಅದನ್ನು ಕೇಳುವಷ್ಟು ಹೊತ್ತು ಇವರು ನಿಲ್ಲುವುದಿಲ್ಲ.