ಕಾಪಿರೈಟ್ ಮುಗಿದ ಹಳೆಯ ಚಿತ್ರಗಳಿಂದ ಮಕ್ಕಳ ಸಾಮಾನು ಮಾಡಿ ಮಾರಬಹುದಾ?

ಪರ

ನಮ್ಮ ಮನೆಯ ಊಟದ ಟೇಬಲ್ ಮೇಲೆ ಈಗ ಊಟಕ್ಕೆ ಜಾಗವಿಲ್ಲ. ಒಂದು ಕಡೆ ಪೇಪರ್ ಕಟರ್, ಇನ್ನೊಂದು ಕಡೆ ಲ್ಯಾಮಿನೇಷನ್ ಮಷೀನು, ನಡುವೆ ಅಕ್ಷರದ ಕಾರ್ಡುಗಳ ಕಟ್ಟು. ಎರಡು ವರ್ಷದಿಂದ ಹಳೆಯ ಪುಸ್ತಕಗಳ ಚಿತ್ರ, ಪದ್ಯ ತೆಗೆದುಕೊಂಡು ಮಕ್ಕಳಿಗೆ ಕಾರ್ಡು, ಬಣ್ಣ ತುಂಬುವ ಪುಸ್ತಕ, ಗೋಡೆಗೆ ಹಾಕುವ ಪಟ ಮಾಡಿ ಮಾರುತ್ತಿದ್ದೇನೆ. ಭಾನುವಾರದ ಸಂತೆಯಲ್ಲಿ ಸ್ಟಾಲ್ ಹಾಕಿದಾಗೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಇದೆಲ್ಲ ಬೇರೆಯವರ ಚಿತ್ರ ಅಲ್ವಾ, ಮಾರೋದು ತಪ್ಪಲ್ವಾ?" ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಇರುತ್ತೆ. ಮೊದಲು 50 ಇತ್ತು, ರವೀಂದ್ರನಾಥ ಟ್ಯಾಗೋರರ ಕೃತಿಗಳ ಅವಧಿ ಮುಗಿಯುತ್ತಾ ಬಂದಾಗ 60 ಮಾಡಿದರು. ಅದಾದ ಮೇಲೆ ಅದು ಎಲ್ಲರದು. ಇಷ್ಟು ವರ್ಷ ಮನೆಯವರು ಉಣ್ಣಲಿ, ಆಮೇಲೆ ಊರು ಉಣ್ಣಲಿ ಅಂತ ಕಾನೂನನ್ನು ಬೇಕೆಂದೇ ಹಾಗೆ ಬರೆದಿದ್ದಾರೆ. ಪಂಜೆ ಮಂಗೇಶರಾಯರು ಹೋಗಿದ್ದು 1937ರಲ್ಲಿ, ಹಾಗಾಗಿ ಅವರ ನಾಗರಹಾವಿನ ಪದ್ಯವನ್ನು ನಾನು ಧೈರ್ಯವಾಗಿ ಪ್ರಿಂಟ್ ಮಾಡಬಹುದು. ಜಿ. ಪಿ. ರಾಜರತ್ನಂ ಅವರ ನಾಯಿಮರಿ ಪದ್ಯ ಮುಟ್ಟುವ ಹಾಗಿಲ್ಲ. ಅವರು ತೀರಿಕೊಂಡಿದ್ದು 1979ರಲ್ಲಿ, 2039 ಮುಗಿಯುವವರೆಗೂ ಕಾಯಬೇಕು. ಅದರ ಕಾರ್ಡ್ ಇದೆಯಾ ಅಂತ ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ, ಮಾರಿದ್ದರೆ ಅದೇ ಎಲ್ಲಕ್ಕಿಂತ ಜಾಸ್ತಿ ಹೋಗುತ್ತಿತ್ತು ಅಂತ ಗೊತ್ತಿದ್ದೂ.

ಸುಮ್ನೆ ಡೌನ್‌ಲೋಡ್ ಮಾಡಿ ಪ್ರಿಂಟ್ ಹೊಡೆಯೋದು ಅಷ್ಟೇ ತಾನೆ ಅನ್ನುವವರು ಒಂದು ದಿನ ನನ್ನ ಪಕ್ಕ ಕೂರಬೇಕು. ನನ್ನ ಕಟ್ಟಿನಲ್ಲಿ "ಅ - ಅಳಿಲು" ಕಾರ್ಡಿಗೆ, ಮಕ್ಕಳ ಕಥೆ ಬರೆದು ಚಿತ್ರವನ್ನೂ ತಾವೇ ಬರೆದ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಅವರ ಅಳಿಲನ್ನು ಹಾಕಿದ್ದೇನೆ. ಆಕೆ ತೀರಿಕೊಂಡಿದ್ದು 1943ರ ಡಿಸೆಂಬರಿನಲ್ಲಿ, ನಮ್ಮಲ್ಲಿ 2004ರಿಂದ ಆ ಚಿತ್ರಗಳಿಗೆ ಕಾಪಿರೈಟ್ ಇಲ್ಲ. ಸಿಕ್ಕಿದ ಸ್ಕ್ಯಾನ್ ಹೇಗಿತ್ತು ಗೊತ್ತಾ? ಕಾಗದ ಚಹಾ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಪುಟದ ಅಕ್ಷರಗಳು ಅಳಿಲಿನ ಹೊಟ್ಟೆಯ ಮೇಲೆ ಉಲ್ಟಾ ಮೂಡಿದ್ದವು. ಬಾಲದ ತುದಿಯ ಮೇಲೆ ಯಾವುದೋ ಲೈಬ್ರರಿಯ ನೀಲಿ ಸೀಲು. ಸೀಲನ್ನು ಅಳಿಸಿದರೆ ಬಾಲದ ಕೂದಲೂ ಹೋಗುತ್ತೆ, ಬಿಟ್ಟರೆ ಮಗು ಅದನ್ನೇ ಬೆರಳಲ್ಲಿ ಕೆರೆಯುತ್ತೆ. ಚಿತ್ರವನ್ನು ಸ್ಕ್ರೀನ್ ತುಂಬ ದೊಡ್ಡದು ಮಾಡಿಕೊಂಡು ಒಂದೊಂದೇ ಕೂದಲನ್ನು ಮತ್ತೆ ಎಳೆದೆ. ಆ ಒಂದು ಬಾಲಕ್ಕೆ ಎರಡು ರಾತ್ರಿ ಹಿಡಿಯಿತು. ಸ್ವರಗಳ ಕಟ್ಟಿಗೆ ನಾನು ತೆಗೆದುಕೊಳ್ಳುವ 90 ರೂಪಾಯಿ ಆ ರಾತ್ರಿಗಳಿಗೆ, ಕಾಗದಕ್ಕೆ, ಮೂಲೆಗಳನ್ನು ಚುಚ್ಚದ ಹಾಗೆ ದುಂಡಗೆ ಕತ್ತರಿಸಿದ್ದಕ್ಕೆ.

ಪುಸ್ತಕದ ಪಾತ್ರವನ್ನು ಆಟದ ಸಾಮಾನು ಮಾಡುವುದು ಮಕ್ಕಳ ಸಾಹಿತ್ಯಕ್ಕೆ ಅವಮಾನ ಅಂತಾನೂ ಕೆಲವರು ಹೇಳುತ್ತಾರೆ. ಪಾಟರ್ ತನ್ನ ಮೊಲದ ಪುಸ್ತಕ ಬಂದ ಮರುವರ್ಷವೇ, 1903ರಲ್ಲಿ, ಅದರ ಗೊಂಬೆ ಮಾಡಿ ಪೇಟೆಂಟ್ ಮಾಡಿಸಿದ್ದರು. ಮಕ್ಕಳು ಕಥೆಯನ್ನು ಕೈಯಲ್ಲಿ ಹಿಡಿಯೋಕೆ ಇಷ್ಟಪಡುತ್ತಾರೆ ಅಂತ ಬರೆದವರಿಗೇ ಗೊತ್ತಿತ್ತು.

ಇನ್ನು, ಹಳೆಯದನ್ನು ತೆಗೆದುಕೊಂಡು ಹೊಸದು ಮಾಡುವುದರಲ್ಲಿ ಕಳ್ಳತನ ಇದ್ದರೆ ಕಿಂದರಿಜೋಗಿಯನ್ನು ಎಲ್ಲಿಡೋಣ? ಅದರ ಮೂಲ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಪದ್ಯ, ಅದರ ಹಿಂದೆ ಜರ್ಮನಿಯ ಹಳೆಯ ದಂತಕಥೆ. ಕುವೆಂಪು ಅದನ್ನು ತುಂಗಾ ತೀರದ ಬೊಮ್ಮನಹಳ್ಳಿಗೆ ತಂದರು. ನಾನು ಶಾಲೆಯ ವಾರ್ಷಿಕೋತ್ಸವದಲ್ಲಿ ಇಲಿಯಾಗಿ ಕುಣಿದಿದ್ದೇನೆ, ಈಗ ನನ್ನ ಮಗಳು ಕುಣಿಯುತ್ತಾಳೆ. ಎಲ್ಲರ ಸ್ವತ್ತು ಅಂತ ಒಂದು ಇಲ್ಲದಿದ್ದರೆ ನಮಗೆ ಅದು ಸಿಗುತ್ತಿತ್ತಾ?

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 3.75 ಲಕ್ಷ ಚಿತ್ರಗಳನ್ನು ಯಾರು ಬೇಕಾದರೂ ಬಳಸಿ, ವ್ಯಾಪಾರಕ್ಕೂ ಬಳಸಿ ಅಂತ ಬಿಟ್ಟುಕೊಟ್ಟಿತು. ಅದು ದೂರದ ಮಾತಾಯಿತು. ನನಗೆ ಹೊಟ್ಟೆ ಉರಿಯೋದು ನಮ್ಮ ಹಳೆಯ ಕನ್ನಡ ಮಕ್ಕಳ ಪುಸ್ತಕಗಳನ್ನು ನೋಡಿದಾಗ. ಲೈಬ್ರರಿಯ ಕಪಾಟಿನಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತವೆ. ಒಬ್ಬ ಗಿರಾಕಿಯೂ ಇಲ್ಲ ಅಂದರೆ ಅದನ್ನು ಸ್ಕ್ಯಾನ್ ಮಾಡಿ, ತೊಳೆದು, ಮತ್ತೆ ಮಕ್ಕಳ ಕೈಗೆ ಕೊಡುವ ಕೆಲಸಕ್ಕೆ ಯಾರು ಕೂರುತ್ತಾರೆ? ಕಳೆದ ವರ್ಷ ಪಂಜೆಯವರ ಪದ್ಯದ ಪಟ ಮಾಡಿದೆ. ಒಬ್ಬ ಅಜ್ಜ ಸ್ಟಾಲ್ ಮುಂದೆಯೇ ನಿಂತು ಮೊಮ್ಮಗನಿಗೆ ಪೂರ್ತಿ ಹಾಡಿ ತೋರಿಸಿ, ಎರಡು ಪಟ ಕೊಂಡರು, ಒಂದು ಮನೆಗೆ, ಒಂದು ಅಮೆರಿಕದಲ್ಲಿರುವ ಇನ್ನೊಬ್ಬ ಮೊಮ್ಮಗನಿಗೆ.

ವಿರೋಧ

ಮೇಲೆ ಬರೆದ ಅಕ್ಕನ ಪಕ್ಕದ ಸ್ಟಾಲ್ ಬಹಳ ಸಲ ನನ್ನದೇ ಇರುತ್ತೆ. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವನು, ಹನ್ನೊಂದು ವರ್ಷವಾಯಿತು. ಅಕ್ಕ ಕಳ್ಳಿ ಅಂತ ನಾನು ಯಾವತ್ತೂ ಹೇಳಲ್ಲ. ಅವರ ಕಾರ್ಡಿನ ಹಿಂಬದಿಯಲ್ಲಿ ಪಾಟರ್ ಹೆಸರು ಸ್ಪಷ್ಟವಾಗಿ ಇದೆ, ಹಾಗೆ ಹಾಕುವವರು ತೀರಾ ಕಡಿಮೆ. ಆದರೂ ಈ ವ್ಯಾಪಾರ ಬೆಳೆಯಬಾರದು ಅಂತಲೇ ನನ್ನ ಅಭಿಪ್ರಾಯ.

ಆ ಅಳಿಲಿನ ಕಾರ್ಡಿನಿಂದಲೇ ಶುರು ಮಾಡುತ್ತೇನೆ. ಹೋದ ತಿಂಗಳು ಮೂರು ವರ್ಷದ ಒಂದು ಹುಡುಗಿ ಅದನ್ನು ಕೈಗೆತ್ತಿಕೊಂಡಳು. ಇಂಗ್ಲೆಂಡಿನ ಅಳಿಲು ಅದು. ಮೈಯೆಲ್ಲ ಕೆಂಪು, ಕಿವಿಯ ತುದಿಯಲ್ಲಿ ಕೂದಲಿನ ಕುಚ್ಚು. ಅಮ್ಮ "ಇದೇನು ಪುಟ್ಟಿ?" ಅಂದರು. ಅವಳು "ನರಿ" ಅಂದಳು. "ಅಲ್ಲ, ಅಳಿಲು." ಹುಡುಗಿ ಕಾರ್ಡನ್ನು ತಿರುಗಿಸಿ ಹಿಂದೆ ನೋಡಿದಳು, ಮತ್ತೆ ಮುಂದೆ ನೋಡಿದಳು, ಆಮೇಲೆ "ಗೆರೆ ಎಲ್ಲಿ?" ಅಂದಳು. ಅವಳ ಮನೆಯ ಕಾಂಪೌಂಡಿನ ಮೇಲೆ ಓಡಾಡುವ ಅಳಿಲಿನ ಬೆನ್ನಿಗೆ ಮೂರು ಗೆರೆ ಇದೆ. ರಾಮ ಬೆರಳು ಸವರಿದ ಕಥೆಯನ್ನು ಅವಳ ಅಜ್ಜಿ ಹೇಳಿರಬೇಕು. ಓದುವ ಕಾರ್ಡ್ ಮಾತ್ರ ಅವಳು ದಿನಾ ಕಣ್ಣಾರೆ ನೋಡುವುದನ್ನು ತಪ್ಪು ಅನ್ನುತ್ತಿದೆ. ನನಗೆ ಆವತ್ತು ನಿಜಕ್ಕೂ ಬೇಜಾರಾಯಿತು.

ಪುಕ್ಕಟೆ ಸಿಗುವ ಒಳ್ಳೆಯ ಸ್ಕ್ಯಾನುಗಳಲ್ಲಿ ಹೆಚ್ಚಿನವು ಇಂಗ್ಲೆಂಡು, ಅಮೆರಿಕದವು. ಅಲ್ಲಿನ ಲೈಬ್ರರಿಗಳು, ಮ್ಯೂಸಿಯಂಗಳು ದುಡ್ಡು ಹಾಕಿ ಮಾಡಿಸಿವೆ. ಹಾಗಾಗಿ ಪಂಜೆಯವರ ಪಟ ಒಂದು ಮಾಡುವವರು ಪಾಟರ್‌ದು ಹತ್ತು ಮಾಡುತ್ತಾರೆ. ಕನ್ನಡ ಅಕ್ಷರದ ಪಕ್ಕ ಹಿಮದಲ್ಲಿ ಕೂತ ರಾಬಿನ್ ಹಕ್ಕಿ, ಬಾನೆಟ್ ಹಾಕಿಕೊಂಡ ಹುಡುಗಿ, ಚಿಮಣಿ ಇರುವ ಮನೆ. ಕಿಂದರಿಜೋಗಿಯ ಉದಾಹರಣೆ ಅಕ್ಕ ಕೊಟ್ಟಿದ್ದು ಒಳ್ಳೆಯದಾಯಿತು. ಕುವೆಂಪು ಬ್ರೌನಿಂಗ್ ಪದ್ಯದ ಹ್ಯಾಮೆಲಿನ್ ಊರನ್ನು ಹಾಗೇ ತಂದು ಇಟ್ಟರಾ? ಊರು ಬದಲಾಯಿತು, ಹೊಳೆ ಬದಲಾಯಿತು, ಮಾತಿನ ಲಯವೇ ಬೇರೆ ಆಯಿತು. ಹಾಗೆ ಮಾಡುವವರಿದ್ದರೆ ನನ್ನ ತಕರಾರೇ ಇಲ್ಲ. ಸಂತೆಯಲ್ಲಿ ನಾನು ನೋಡುತ್ತಿರುವುದರಲ್ಲಿ ಬದಲಾಗುವುದು ಅಕ್ಷರ ಮಾತ್ರ.

ಹಳೆಯ ಚಿತ್ರಗಳ ಜೊತೆ ಹಳೆಯ ವಿಷವೂ ಬರುತ್ತೆ. ಮದರಾಸಿನಲ್ಲಿದ್ದ ಸ್ಕಾಟ್ ಹೆಂಗಸು ಹೆಲೆನ್ ಬ್ಯಾನರ್‌ಮನ್ 1899ರಲ್ಲಿ ಮಾಡಿದ ಪುಸ್ತಕದಲ್ಲಿ ಹುಲಿಗಳು ಓಡಿ ಓಡಿ ಕರಗಿ ತುಪ್ಪವಾಗುತ್ತವೆ, ಕಥೆ ಚೆನ್ನಾಗಿದೆ. ಕಪ್ಪು ಮೈಯ ಹುಡುಗನನ್ನು ಬರೆದಿರುವ ರೀತಿ ಮಾತ್ರ ಅಣಕ. ನಮ್ಮಲ್ಲಿ ಅದಕ್ಕೂ ಈಗ ಕಾಪಿರೈಟ್ ಇಲ್ಲ. ಕಪ್ಪು ಬಣ್ಣದ ನಮ್ಮ ಮಕ್ಕಳ ಕೈಗೆ ಅದನ್ನು ಕೊಡ್ತೀರಾ? ಕಾಪಿರೈಟ್ ಮುಗಿದಿದೆಯಾ ಅಂತ ನೋಡುವಷ್ಟು ಹೊತ್ತು ಇದನ್ನು ನೋಡುವವರು ಕಡಿಮೆ.

ಆ ಕಾಪಿರೈಟ್ ಲೆಕ್ಕವೂ ಅಕ್ಕ ಬರೆದಷ್ಟು ಸಲೀಸಾಗಿಲ್ಲ. ವಿನ್ನಿ-ದ-ಪೂ ಅನ್ನುವ ಕರಡಿಯ ಇಂಗ್ಲಿಷ್ ಮಕ್ಕಳ ಪುಸ್ತಕ ತಗೊಳ್ಳಿ, 1926ರದ್ದು. ಬರೆದ ಮಿಲ್ನ್ ತೀರಿಕೊಂಡಿದ್ದು 1956ರಲ್ಲಿ, ನಮ್ಮ ದೇಶದಲ್ಲಿ 2017ರಿಂದ ಮಾತುಗಳು ಮುಕ್ತ. ಚಿತ್ರ ಬರೆದ ಶೆಪರ್ಡ್ ಬದುಕಿದ್ದು 1976ರವರೆಗೆ, ಹಾಗಾಗಿ ಚಿತ್ರಗಳು 2036 ಮುಗಿಯುವವರೆಗೂ ಇಲ್ಲಿ ಮುಕ್ತವಲ್ಲ. ಅಮೆರಿಕದಲ್ಲಿ ಎರಡೂ 2022ರಿಂದಲೇ ಮುಕ್ತ. ಅಮೆರಿಕದ ವೆಬ್‌ಸೈಟಿನಲ್ಲಿ "ಪಬ್ಲಿಕ್ ಡೊಮೇನ್", ಅಂದರೆ ಎಲ್ಲರ ಸ್ವತ್ತು, ಅಂತ ಬರೆದಿರುವುದನ್ನು ನಂಬಿ ಬೆಂಗಳೂರಿನಲ್ಲಿ ಟೀ ಶರ್ಟ್ ಪ್ರಿಂಟ್ ಮಾಡಿದರೆ ಅದು ಕಳ್ಳಮಾಲೇ. ಪಾಟರ್ ಅವರ ಮೊಲದ ಹೆಸರು ಪ್ರಕಾಶಕರ ಟ್ರೇಡ್‌ಮಾರ್ಕ್ ಬೇರೆ. ಟ್ರೇಡ್‌ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು, ಅದಕ್ಕೆ 60 ವರ್ಷದ ಮಿತಿ ಇಲ್ಲ. ಕಾರ್ಡು ಬಿಟ್ಟು ಜಿಗ್‌ಸಾ ಪಜಲ್, ಗೊಂಬೆಗೆ ಕೈ ಹಾಕಿದರೆ ಇನ್ನೊಂದು ಕಾನೂನು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಮನೆಯಲ್ಲಿ ಕೂತು ಸಣ್ಣದಾಗಿ ಮಾಡುವವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಸಾಲ ಮಾಡಿ ಸಾವಿರ ಪಜಲ್ ಕತ್ತರಿಸಿದ ಮೇಲೆ ಗೊತ್ತಾಗುತ್ತೆ.

ಈಗ ನನ್ನ ಹೊಟ್ಟೆಪಾಡಿನ ಮಾತು. ಒಬ್ಬ ಪ್ರಕಾಶಕರು ನನಗೆ ವರ್ಷಕ್ಕೆ ಎರಡು ಪುಸ್ತಕ ಕೊಡುತ್ತಿದ್ದರು. ಹೋದ ವರ್ಷ ಫೋನ್ ಮಾಡಿ, "ಫ್ರೀ ಚಿತ್ರ ಬೇಕಾದಷ್ಟು ಸಿಗುತ್ತೆ, ಕನ್ನಡ ಪದ್ಯ ಹಾಕಿದರೆ ಆಯ್ತು, ನೀವು ಬಣ್ಣ ಸ್ವಲ್ಪ ಸರಿ ಮಾಡಿಕೊಡ್ತೀರಾ?" ಅಂದರು. ಪುಟಕ್ಕೆ ಇಷ್ಟು ಅಂತ ಕೊಡುತ್ತಿದ್ದ ಕಡೆ ಗಂಟೆಗೆ ಇಷ್ಟು ಅಂತ ಲೆಕ್ಕ. ಅವರೂ ನಷ್ಟದಲ್ಲಿದ್ದಾರೆ, ಅದು ನನಗೆ ಅರ್ಥವಾಗುತ್ತೆ. ಆದರೆ ಸತ್ತವರ ಚಿತ್ರ ಪುಕ್ಕಟೆ ಸಿಗುವ ಊರಿನಲ್ಲಿ ಬದುಕಿರುವವನು ತನ್ನ ಚಿತ್ರಕ್ಕೆ ಬೆಲೆ ಹೇಳೋದು ಹೇಗೆ? ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್ ಅನ್ನುವ ತನ್ನ ವೆಬ್‌ಸೈಟಿನಲ್ಲಿ ಈಗಿನ ಬರಹಗಾರರ, ಚಿತ್ರಕಾರರ ಕೆಲಸವನ್ನು ಹೆಸರು ಹಾಕಿಯೇ, ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಲೈಸೆನ್ಸಿನಲ್ಲಿ ಎಲ್ಲರಿಗೂ ಬಿಟ್ಟಿದೆ. ಅಲ್ಲಿ ಕನ್ನಡವೂ ಇದೆ, ನಮ್ಮ ಬೀದಿ, ನಮ್ಮ ಬಸ್ಸು, ನಮ್ಮ ಮಕ್ಕಳ ಮುಖವೂ ಇದೆ. ಎಲ್ಲರ ಸ್ವತ್ತು ಬೆಳೆಯಬೇಕು ಅಂದರೆ ಈ ದಾರಿ ನನಗೆ ಒಪ್ಪಿಗೆ.

ಆ ಹುಡುಗಿ ಗೆರೆ ಕೇಳಿದ ಮರುದಿನ ಬೆಳಿಗ್ಗೆ ನಮ್ಮ ಬೀದಿಯ ಹೊಂಗೆಮರದ ಕೆಳಗೆ ಕೂತೆ. ಅಳಿಲು ತಲೆ ಕೆಳಗಾಗಿ ಇಳಿಯುವಾಗ ಬಾಲ ಒಂದು ಕ್ಷಣ ನಿಂತು ಆಮೇಲೆ ಜರ್ಕ್ ಹೊಡೆಯುತ್ತೆ, ಅದನ್ನು ಹಿಡಿಯೋಕೆ ಮೂರು ಬೆಳಿಗ್ಗೆ ಬೇಕಾಯಿತು. ಚಿತ್ರ ಈಗ ಮುಗಿದಿದೆ, ಮೂರು ಗೆರೆಯ ಸಮೇತ. 1,500 ರೂಪಾಯಿ ಆಗುತ್ತೆ ಅಕ್ಕ. ಮುಂದಿನ ಸಲ ಪ್ರಿಂಟ್ ಹಾಕಿಸುವಾಗ ಆ ಒಂದು ಕಾರ್ಡ್ ಬದಲಾಯಿಸ್ತೀರಾ?